ಲಕ್ಕಮ್ಮ ಹೋದ ದಿನದ ಮಿಡಿಸೌತೆ

ಊರಿನಲ್ಲಿ ಅವನನ್ನು ಸೌತೆ ಮರಿಯಣ್ಣ ಎನ್ನುತ್ತಿದ್ದರು. ಗಂಡಸಿಯ ಆಸುಪಾಸಿನ ಹಳ್ಳಿಗಳಲ್ಲಿ ಮಿಡಿಸೌತೆ ಬೆಳೆಸಿ, ಕೊಯ್ಯಿಸಿ, ಲಾರಿಗೆ ತುಂಬಿಸುವುದು ಅವನ ನೌಕರಿ. ದೇಶದ ಬಾಗಿಲು ತೆರೆಯಿತು ಎಂದು ಪತ್ರಿಕೆಗಳು ಬರೆದದ್ದೇ ತಡ, ಹೊರದೇಶದ ಕಂಪನಿಯೊಂದು ಬೆಂಗಳೂರಿನ ಬಳಿ ಕಾರ್ಖಾನೆ ಹಾಕಿ, ಈ ಕಾಯಿಯನ್ನು ಉಪ್ಪುನೀರಿನ ಡ್ರಮ್ಮಿಗೆ ಇಳಿಸಿ ಹಡಗು ಹತ್ತಿಸತೊಡಗಿತ್ತು. ಬೇಲೂರಿನ ಗೊಬ್ಬರದಂಗಡಿಯಲ್ಲಿದ್ದ ಮರಿಯಣ್ಣನನ್ನು ಕಂಪನಿಯ ಅಧಿಕಾರಿ ಯುವರಾಜ್ ಕೆಲಸಕ್ಕೆ ಕರೆದುಕೊಂಡರು. ಹೊಸದರಲ್ಲಿ ಅರಸೀಕೆರೆಯ ಹೋಟೆಲಿನ ಮಹಡಿಯಲ್ಲಿ ಒಂದು ಸಭೆ ಮಾಡಿ, ಹೊರಗಿನವರು ಬಂಡವಾಳ ಹಾಕಲು ಇದಕ್ಕಿಂತ ಭರವಸೆಯ ವ್ಯಾಪಾರವಿಲ್ಲ, ಇಲ್ಲಿ ಬಿಸಿಲಿದೆ, ಬೋರ್‌ವೆಲ್ ಇದೆ, ದುಡಿಯುವ ಕೈಗಳಿವೆ ಎಂದು ಭಾಷಣ ಬಿಗಿದಿದ್ದರು. ಆ ಕೈಗಳಿಗೂ ಸುಸ್ತಾಗುತ್ತದೆ ಎಂಬುದು ಭಾಷಣದಲ್ಲಿ ಇರಲಿಲ್ಲ.

ಸುಸ್ತು ಮಾಡುವ ಬೆಳೆಯೇ ಅದು. ಹಬ್ಬವೆನ್ನುವುದಿಲ್ಲ, ಅಮಾವಾಸ್ಯೆಯೆನ್ನುವುದಿಲ್ಲ. ಕಿರುಬೆರಳಷ್ಟಿರುವಾಗಲೇ ಕೊಯ್ಯಬೇಕು. ಇವತ್ತು ಬಿಟ್ಟರೆ ನಾಳೆಗೆ ಊದಿಕೊಂಡು ಕೂತಿರುತ್ತದೆ. ಹೆಂಗಸರು ಬೆಳಗಾಗುತ್ತಲೇ ಬಗ್ಗಿ ಕೊಯ್ದು ಶೆಡ್ಡಿಗೆ ತರುವರು. ಅಲ್ಲಿ ಮರಿಯಣ್ಣ ತೂತಿನ ತಗಡು ಹಿಡಿದು ಕಾದಿರುವನು. ತೂತಿನಲ್ಲಿ ತೂರಿದ ಕಾಯಿ ಲಾರಿಗೆ, ತೂರದ್ದು ಎಮ್ಮೆಗೆ. ವರ್ಷಗಟ್ಟಲೆ ಇದನ್ನೇ ಮಾಡಿ ಅವನಿಗೆ ಜೀವನವೇ ಸಾಕುಸಾಕಾಗಿತ್ತು, ಬಿಡುವ ಹಾಗೂ ಇರಲಿಲ್ಲ.

ಅವನ ತಾಯಿ ಲಕ್ಕಮ್ಮನಿಗೆ ಆ ಕಾಯಿಯ ಮೇಲೆ ಮೊದಲಿನಿಂದಲೂ ಅನುಮಾನ.

“ಯಾರ್ಲಾ ತಿಂತಾರೆ ಇದ್ನ? ಹಳೇಬೀಡಲ್ಲಿ ಕ್ಯಾಮರಾ ನೇತಾಕ್ಕೊಂಡು ತಿರುಗ್ತಾರಲ್ಲ, ಆ ಬಿಳೀ ಜನಾನಾ?”

“ಅವರೇ ಕಣವ್ವ. ಬ್ರೆಡ್ಡಿನ ಮಧ್ಯೆ ಇಟ್ಕೊಂಡು ತಿಂತಾರಂತೆ.”

“ಸೊಂಟ ಮುರ್ಕೊಂಡು ಬೆಳೆಯೋರು ನಾವು. ಒಂದಿನಾನಾದ್ರೂ ನಮ್ ಮನೇಲಿ ಅದರ ಸಾರು ಕಾಣ್ಲಿಲ್ಲವಲ್ಲೋ!”

ಅವಳ ಮಾತು ನಿಜವೇ. ಮಿಡಿ ಕಂಪನಿಯದು, ದಪ್ಪನೆಯದು ಎಮ್ಮೆಯದು ಎಂದು ಊರಿಗೆ ಊರೇ ಒಪ್ಪಿಕೊಂಡುಬಿಟ್ಟಿತ್ತು. ನಡುವೆ ಮನುಷ್ಯರೂ ಇದ್ದಾರೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಆ ಸಲ ಬೇಸಿಗೆಯಲ್ಲಿ ಯುವರಾಜ್ ಖಡಾಖಂಡಿತವಾಗಿ ಹೇಳಿದ್ದರು: ಇನ್ನೊಂದು ಲೋಡಿನಲ್ಲಿ ದಪ್ಪ ಕಾಯಿ ಬಂದರೆ ಈ ಶೆಡ್ಡು ಮುಚ್ಚುತ್ತೇವೆ, ಬೇರೆ ತಾಲ್ಲೂಕಿನಲ್ಲಿ ಬೆಳೆಯುವವರು ಸಾಲುಗಟ್ಟಿ ನಿಂತಿದ್ದಾರೆ. ಶೆಡ್ಡು ಮುಚ್ಚಿದರೆ ಮರಿಯಣ್ಣನ ನೌಕರಿಯಷ್ಟೇ ಅಲ್ಲ, ಇಡೀ ಊರಿನ ಬದುಕು ಮಗುಚುತ್ತಿತ್ತು. ಆ ಮಾತಿಗೆ ವಾರ ಕಳೆಯುವ ಮುಂಚೆಯೇ ಒಂದು ಬೆಳಗ್ಗೆ ಲಕ್ಕಮ್ಮ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು.

ಹೆಣ ಎತ್ತುವ ತನಕ ಊರಿನಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ, ಹೊಲಕ್ಕೆ ಇಳಿಯುವಂತಿಲ್ಲ. ಚಿತ್ರದುರ್ಗದ ಕಡೆಯಿಂದ ಮರಿಯಣ್ಣನ ತಂಗಿ ಮಂಜುಳಾ ಬರಬೇಕಿತ್ತು. ಅವಳು ಬರುವುದು ಸಂಜೆಯೇ. ತಾಯಿಯ ತಲೆಯ ಬಳಿ ಕೂತಿದ್ದ ಮರಿಯಣ್ಣನ ಮನಸ್ಸು ಮಾತ್ರ ಬಳ್ಳಿಗಳ ಕಡೆಗೇ ಓಡುತ್ತಿತ್ತು. ಬಿಸಿಲು ಏರಿದಂತೆ ಕಾಯಿ ಊದುತ್ತಿದೆ ಎಂಬ ಯೋಚನೆ ಬಂದು, ಅದಕ್ಕೆ ಅವನಿಗೇ ನಾಚಿಕೆಯಾಯಿತು. ಆದರೂ ತಡೆಯಲಾರದೆ ಊರ ಹಿರಿಯ ಜವರಪ್ಪನನ್ನು ಪಕ್ಕಕ್ಕೆ ಕರೆದ.

“ಜವರಪ್ಪಣ್ಣ, ಹೆಂಗಸ್ರನ್ನ ಕೊಯ್ಯಕ್ಕೆ ಕಳ್ಸಣ್ಣ. ನಾಳೆಗೆ ಎಲ್ಲಾ ದಪ್ಪಾಯ್ತದೆ.”

“ಅವ್ವನ್ನ ಇಲ್ಲಿ ಮಲಗಿಸ್ಕೊಂಡು ಸೌತೆಕಾಯಿ ಮಾತಾಡ್ತೀಯೇನ್ಲಾ?” ಜವರಪ್ಪ ಗದರಿದ. “ನಮ್ಮನ್ನೆಲ್ಲ ಎತ್ತಾಡ್ಸಿದ ಕೈ ಅದು. ಬೆಳೆ ಹೋದ್ರೆ ಹೋಗ್ಲಿ. ಸುಮ್ಕೆ ಕೂತ್ಕ.”

ಮರಿಯಣ್ಣ ಮತ್ತೆ ತಾಯಿಯ ತಲೆಯ ಬಳಿ ಹೋಗಿ ಕೂತ. ಹೊಲದ ಕಡೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಹೊತ್ತು ಇಳಿಯುವಾಗ ಊರೆಲ್ಲ ಸೇರಿ ಲಕ್ಕಮ್ಮನನ್ನು ಮಣ್ಣು ಮಾಡಿ ಬಂದಿತು.

ಮರುದಿನ ಬೆಳಗ್ಗೆ ಅವನು ಗಂಡಸಿಗೆ ಹೋಗಿ ಎಸ್‌ಟಿಡಿ ಬೂತಿನಿಂದ ಯುವರಾಜ್‌ಗೆ ಫೋನು ಮಾಡಿದ. “ತಾಯಿಯವರ ವಿಷಯ ಕೇಳಿ ತುಂಬಾ ಬೇಜಾರಾಯ್ತು ಮರಿಯಣ್ಣ,” ಎಂದರು ಅವರು. “ಆದ್ರೆ ದಪ್ಪ ಕಾಯಿ ಮಾತ್ರ ಹತ್ತಿಸ್ಬೇಡಿ. ಈ ಸಲ ನನ್ ಕೈಲೂ ಏನೂ ಮಾಡಕ್ಕಾಗಲ್ಲ,” ಎಂದರು. ಯುವರಾಜ್ ಕೆಟ್ಟವರೇನಲ್ಲ. ಅವರ ತಲೆಯ ಮೇಲೂ ಒಬ್ಬರು ಕೂತಿದ್ದರು, ಅಷ್ಟೇ.

ಶೆಡ್ಡಿಗೆ ಬರುವಷ್ಟರಲ್ಲಿ ಹೆಂಗಸರು ಕಾಯಿ ಸುರಿದುಕೊಂಡು ಕೂತಿದ್ದರು. ಮರಿಯಣ್ಣ ಸೂತಕದವನು, ಇನ್ನೊಬ್ಬರ ಪದಾರ್ಥ ಮುಟ್ಟುವಂತಿಲ್ಲ. ತಗಡನ್ನು ನೆಲದ ಮೇಲಿಟ್ಟು ದೂರ ನಿಂತ. ನೀವೇ ತೂರಿಸಿ ನೋಡಿ ಎಂದು ಹೇಳುವ ಮುಂಚೆಯೇ ಪಕ್ಕದ ಮನೆಯ ಹನುಮಕ್ಕ ಎದ್ದುಬಂದು ತಗಡು ಎತ್ತಿಕೊಂಡಳು. ತಾನೇ ಬೆಳೆದ ಕಾಯಿಯನ್ನು ಒಂದೊಂದಾಗಿ ತೂತಿಗೆ ಹಿಡಿದಳು. ಯಾವುದೂ ತೂರಲಿಲ್ಲ. ಒಂದೊಂದನ್ನೂ ತಾನೇ ಪಕ್ಕಕ್ಕೆ ಎಸೆದಳು. ಆಮೇಲೆ ಇನ್ನೊಬ್ಬಳು, ಅವಳಾದ ಮೇಲೆ ಮತ್ತೊಬ್ಬಳು.

ಅವರು ಬೈದಿದ್ದರೆ ಮರಿಯಣ್ಣ ಹೇಗೋ ತಡೆದುಕೊಳ್ಳುತ್ತಿದ್ದ. ದಿನಾ ಬೈಸಿಕೊಂಡವನೇ. ತನ್ನ ತಾಯಿಗೆ ಊರು ತೋರಿದ ಮರ್ಯಾದೆ ತನ್ನ ಕಣ್ಣೆದುರೇ ರಾಶಿ ಬೀಳುತ್ತಿದ್ದರೆ, ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ನಿಂತ. ಲಾರಿ ಖಾಲಿಯಾಗಿಯೇ ತಿರುಗಿತು. ಶೆಡ್ಡು ಉಳಿಯಿತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಊಟ ತರಬೇಕು. ಅಂದು ಸಂಜೆ ಹನುಮಕ್ಕ ಮುದ್ದೆ ಮತ್ತು ಹುಳಿಯ ಪಾತ್ರೆ ತಂದಿಟ್ಟಳು. ಮಂಜುಳಾ ತಟ್ಟೆಗೆ ಬಡಿಸಿದಳು. ಹುಳಿಯಲ್ಲಿ ತೇಲುತ್ತಿದ್ದ ಹೋಳುಗಳನ್ನು ಕಂಡು ಮರಿಯಣ್ಣನ ಕೈ ನಿಂತಿತು.

“ಇದೇನಕ್ಕ?”

“ಇನ್ನೇನು, ಅದೇ ಕಾಯಿ. ಎಮ್ಮೆಗೆ ಹಾಕಕ್ಕೆ ಮನ್ಸು ಬರ್ಲಿಲ್ಲ ಕಣಪ್ಪ. ಲಕ್ಕಮ್ಮತ್ತೆ ಹೆಸರಲ್ಲಿ ಕೊಯ್ಯದೆ ಬಿಟ್ಟಿದ್ ಬೆಳೆ. ಇವತ್ತು ಎಲ್ಲಾರ ಮನೇಲೂ ಇದೇ ಹುಳಿ.” ಬಾಗಿಲಲ್ಲೇ ನಿಂತು ಕೇಳಿದಳು, “ಉಪ್ಪು ಸರಿ ಐತಾ ನೋಡು.”

ಅವನು ಒಂದು ಹೋಳು ಬಾಯಿಗಿಟ್ಟ. ಇಷ್ಟು ವರ್ಷ ಅಳೆದದ್ದೇ ಹೊರತು ರುಚಿ ನೋಡಿದವನಲ್ಲ. ಮೆತ್ತಗೆ ಬೆಂದಿತ್ತು. ತಾಯಿ ಹೋದಾಗಿನಿಂದ ಬಾರದಿದ್ದ ಅಳು ಆಗ ಬಂತು. ಹೆಂಗಸರೆದುರು ಅಳಬಾರದೆಂದು ತಡೆದ, ಆಗಲಿಲ್ಲ. ಎದ್ದು, ಒಂದು ತುತ್ತು ಮುದ್ದೆಯನ್ನು ಹುಳಿಯಲ್ಲಿ ಅದ್ದಿ, ಲಕ್ಕಮ್ಮ ಮಲಗುತ್ತಿದ್ದ ಜಾಗದಲ್ಲಿ ಹಚ್ಚಿಟ್ಟಿದ್ದ ದೀಪದ ಮುಂದೆ ಇಟ್ಟ.

“ಯಾರ್ ತಿಂತಾರೆ ಅಂತ ಕೇಳ್ತಿದ್ದೆಯಲ್ಲವ್ವ,” ಎಂದ. “ನಾವೇ ತಿಂತಾ ಇದೀವಿ. ನೀನೂ ತಿನ್ನು.”