ಖಾಲಿ ಗೋದಾಮಿನ ಹಾಡು

ನನ್ನ ಸೀರೆ ಹಾಡು ಕೆಡಿಸುತ್ತದೆ ಎಂಬುದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಹೇಳಿದವಳು ಅಕ್ಕನ ಮಗಳು ಕಾವೇರಿ. "ಚಿಗವ್ವ, ನಡುವ ಕುಂದರಬ್ಯಾಡ. ಬಾಗಿಲ ಕಡೆ ಹೋಗು. ನಿನ್ನ ಸೀರಿ ಸೌಂಡ್ ಎಲ್ಲಾ ನುಂಗಾಕತ್ತೈತಿ."

ಉಟ್ಟಿದ್ದು ಇಳಕಲ್ ಸೀರೆ. ಚೆನ್ನಾಗಿದೆ ಅನ್ನುತ್ತಾಳೇನೋ ಎಂದು ಕಾಯುತ್ತಿದ್ದೆ. ಸಿಕ್ಕಿದ್ದು ಈ ಸರ್ಟಿಫಿಕೇಟು. ಎದ್ದು ಬಾಗಿಲ ಬಳಿ ಒಂದು ಡಬ್ಬದ ಮೇಲೆ ಕೂತೆ.

ನಾವಿದ್ದದ್ದು ಮುದ್ದೇಬಿಹಾಳದ ಎಪಿಎಂಸಿ ಯಾರ್ಡಿನ ಒಂದು ಖಾಲಿ ಗೋದಾಮಿನಲ್ಲಿ. ಮಧ್ಯಾಹ್ನದ ಹೊತ್ತು. ತಗಡಿನ ತೂತುಗಳಿಂದ ಬಿಸಿಲು ಕೋಲು ಕೋಲಾಗಿ ಇಳಿದಿತ್ತು. ಹೋದ ವರ್ಷದ ಕಾಳಿನ ಧೂಳು ಆ ಬೆಳಕಿನಲ್ಲಿ ಏಳಲೂ ಆರದೆ, ಬೀಳಲೂ ಆರದೆ ತೇಲುತ್ತಿತ್ತು. ಕೆಮ್ಮಿದರೆ ಕೆಮ್ಮು ನಾಲ್ಕೂ ಗೋಡೆಗೆ ಹೋಗಿ, ಮಾತಾಡಿಸಿಕೊಂಡು ವಾಪಸ್ ಬರುತ್ತಿತ್ತು.

ಇಲ್ಲಿ ಒಂದು ಬ್ಯಾಂಡ್ ಇದೆ. ಹೆಸರು 'ಸಂಜಿ ಬಸ್'. (ಮದುವೆ ಮುಂದೆ ಊದುವ ಬ್ಯಾಂಡ್ ಅಲ್ಲ. ಹಾಗಂದುಕೊಂಡು ಇಬ್ಬರು ಬೀಗರು ವಿಚಾರಿಸಿ ಹೋಗಿದ್ದಾರಂತೆ.) ಇರುವುದು ಮೂವರು. ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲ್ ಟೀಚರ್ ಆಗಿರುವ ಕಾವೇರಿ ಹಾಡುತ್ತಾಳೆ, ಗಿಟಾರು ನುಡಿಸುತ್ತಾಳೆ. ಮೊಬೈಲ್ ರಿಪೇರಿ ಅಂಗಡಿಯ ಮಲ್ಲುವಿನದು ಬೇಸ್ ಗಿಟಾರು, ಲ್ಯಾಪ್‌ಟಾಪು, ಜಗತ್ತಿನ ಸಕಲ ವೈರುಗಳು. ರಫೀಕನದು ಡ್ರಮ್ಸ್. ಗೋದಾಮು ರಫೀಕನ ತಂದೆ, ರೈತರ ಮಾಲು ಕಮಿಷನ್ನಿಗೆ ಮಾರಿಕೊಡುವ ಅಡತಿ ವ್ಯಾಪಾರಿ ದಸ್ತಗೀರ ಸಾಹೇಬರದು. ಇವರ ಬೆನ್ನಿಗೆ ಕಂಪನಿಯಿಲ್ಲ, ಮ್ಯಾನೇಜರ್ ಇಲ್ಲ. ಹಾಡು ಕಟ್ಟುತ್ತಾರೆ, ತಾವೇ ರೆಕಾರ್ಡ್ ಮಾಡುತ್ತಾರೆ, ತಾವೇ ಇಂಟರ್ನೆಟ್ಟಿಗೆ ಹಾಕುತ್ತಾರೆ.

ಎಂಥ ಹಾಡು? ಹಳೆಯ ರಸಮಂಜರಿ ಕಾರ್ಯಕ್ರಮಗಳ ಗಿಟಾರು, ಕೆಳಗೆ ಲ್ಯಾಪ್‌ಟಾಪಿನ ಹೊಸ ಬೀಟು. ಅಜ್ಜನ ಕೋಟು ತೊಟ್ಟು ಮೊಮ್ಮಗ ಬೈಕ್ ಹೊಡೆದ ಹಾಗೆ. ಕೇಳುತ್ತಿದ್ದರೆ ಎಲ್ಲಿಗೋ ಹೊರಟಿದ್ದೇವೆ, ಕಿಟಕಿ ಸೀಟು ಸಿಕ್ಕಿದೆ, ಊರು ಬರುವುದು ಇನ್ನೂ ತಡ ಎನಿಸುತ್ತದೆ.

"ಈ ಗುಂಯ್ ಅನ್ನೂದು ಕಂಪ್ಯೂಟರಿನ್ಯಾಗ ಬರೂದಿಲ್ಲೇನಪಾ?" ಎಂದು ಮಲ್ಲುವನ್ನು ಕೇಳಿದೆ.

"ಬರತೈತ್ರಿ. ಆದ್ರ ಅದು ಪಾಕೀಟ್ ಮಜ್ಜಿಗಿ. ಇದು ಮನ್ಯಾಗ ಕಡದದ್ದು."

ಖಾಲಿ ಗೋದಾಮು ಬೇಕಾಗಿದ್ದು ಆ ಮರುದನಿಗೆ. ಆದರೆ ಖಾಲಿ ಇರುವುದು ಅಂದೇ ಕೊನೆ. ತೊಗರಿ ರಾಶಿ ಶುರುವಾಗಿತ್ತು. ಮುಳವಾಡದ ರೈತ ಶಿವಪ್ಪನ ಟ್ರ್ಯಾಕ್ಟರು ಹೊರಟಿದೆ ಎಂದು ಆಗಲೇ ಫೋನ್ ಬಂದಿತ್ತು. ಒಂದು ಸೀರೆಯೇ ಇಷ್ಟು ಸದ್ದು ನುಂಗುವುದಾದರೆ, ತೊಗರಿ ಚೀಲ ಮಾಡಿನವರೆಗೆ ಏರಿದ ಮೇಲೆ ಏನು ಉಳಿಯುತ್ತದೆ?

ಹಾಡು ಮಾತ್ರ ಕೂಡಿಬರುತ್ತಿರಲಿಲ್ಲ.

ಕಾರಣ ಸಾಹೇಬರು. ಸಾಹೇಬರು ಹರೆಯದಲ್ಲಿ ಹವಾಯಿ ಗಿಟಾರು ನುಡಿಸುತ್ತಿದ್ದರು. ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತಾರಲ್ಲ, ಅದು. ಇಂಡಿ, ಸಿಂದಗಿ, ಬಾಗೇವಾಡಿ ಎನ್ನದೆ ಎಲ್ಲ ಕಡೆಯ ರಸಮಂಜರಿಗೂ ಅವರೇ ಬೇಕಿತ್ತಂತೆ. ಅಂಗಡಿ ಹೆಗಲಿಗೆ ಬಿದ್ದಮೇಲೆ ಗಿಟಾರು ಮಂಚದ ಕೆಳಗೆ ಸೇರಿತು. ಉಳಿದದ್ದು ಒಂದು ಸಿಳ್ಳೆ. ಚೀಲ ತೂಗುವಾಗ ತಮಗೇ ತಿಳಿಯದಂತೆ ಒಂದು ರಾಗ ಸಿಳ್ಳೆ ಹಾಕುತ್ತಾರೆ, ಅವರದೇ ರಾಗ. ಕಾವೇರಿ ಹಾಡು ಕಟ್ಟಿದ್ದು ಆ ಸಿಳ್ಳೆಯ ಮೇಲೆ. ಅಲ್ಲೊಂದು ಜಾರು ಇದೆ. ಅದು ಅವಳ ಬೆರಳಿಗೆ ಬರಲೊಲ್ಲದು. ಗಾಜಿನ ಬಾಟಲಿ ಜಾರಿಸಿ ನೋಡಿದಳು, ಸ್ಟೀಲ್ ಚಮಚ ಜಾರಿಸಿ ನೋಡಿದಳು. ಸ್ವರವೇನೋ ಬಂತು, ಸಿಳ್ಳೆಯಲ್ಲಿದ್ದ ಕನಸಿನ ಗುಂಗು ಬರಲಿಲ್ಲ. ನೀವೇ ನುಡಿಸಿ ಅಂದರೆ ಸಾಹೇಬರದು ಯಾವಾಗಲೂ ಒಂದೇ ಉತ್ತರ. "ಅದು ಮುಗದ್ ಹೋದ ಮಾತವಾ."

ಅಂದು ರಫೀಕ ಒಂದು ಕಿತಾಪತಿ ಮಾಡಿದ್ದ. ಗಿಟಾರನ್ನು ಮಂಚದ ಕೆಳಗಿನಿಂದ ತೆಗೆದು, ಹೊಸ ತಂತಿ ಹಾಕಿಸಿ, ಉಕ್ಕಿನ ತುಂಡಿನ ಸಮೇತ ಗೋದಾಮಿನ ಕಾಟಾದ ಮೇಲೆ, ಅಂದರೆ ಚೀಲ ತೂಗುವ ತಕ್ಕಡಿಯ ಮೇಲೆ, ಇಟ್ಟಿದ್ದ. ಟ್ರ್ಯಾಕ್ಟರಿನ ದಾರಿ ನೋಡಲು ಬಂದ ಸಾಹೇಬರು ಕಾಟಾ ನೋಡಿ ನಿಂತರು.

"ಯಾರ್ ಇಟ್ಟಾರಿದನ್ನ?"

ರಫೀಕ ಬಗ್ಗಿ ಡ್ರಮ್ಮಿನ ತಿರುಪು ಬಿಗಿಮಾಡತೊಡಗಿದ.

"ಕಾಟಾ ಮ್ಯಾಲೆ ಇಡೂ ಸಾಮಾನೇನು ಇದು?" ಎಂದು ಬೈಯುತ್ತಲೇ ಎತ್ತಿಕೊಂಡರು. ಎತ್ತಿಕೊಂಡವರು ಕೆಳಗಿಡಲಿಲ್ಲ. ಹೊಸ ತಂತಿ ಮುಟ್ಟಿದರು. ಗಿಟಾರಿನ ಕಿವಿ ತಿರುವಿ ಶ್ರುತಿ ನೋಡಿದರು. "ಯಾರ್ ಹಚ್ಚ್ಯಾರ ಇದನ್ನ, ಎಲ್ಲಾ ಇಳದೈತಿ" ಎಂದು ಗೊಣಗುತ್ತ ಸ್ಟೂಲಿನ ಮೇಲೆ ಕೂತು ತೊಡೆಯ ಮೇಲೆ ಮಲಗಿಸಿಕೊಂಡರು. ಕಾವೇರಿ ಮೆಲ್ಲಗೆ ಮೈಕನ್ನು ಅವರ ಕಡೆ ತಿರುಗಿಸಿದಳು.

ಆಗಲೇ ಹೊರಗೆ ಟ್ರ್ಯಾಕ್ಟರಿನ ಸದ್ದು.

ಓದುಗರೇ, ಯಾರ್ಡಿನ ಒಂದು ಪದ್ಧತಿ ಹೇಳಬೇಕು. ಹಂಗಾಮಿನ ಮೊದಲ ಗಾಡಿಯನ್ನು ಬಾಗಿಲಲ್ಲಿ ಕಾಯಿಸುವಂತಿಲ್ಲ. ಊಟಕ್ಕೆ ಕೂತವರೂ ಕೈ ತೊಳೆದು ಏಳುತ್ತಾರೆ. ಕೆಲವರು ಕಾಯಿ ಒಡೆಯುತ್ತಾರೆ. ಸಾಹೇಬರು ಊದಿನಕಡ್ಡಿ ಹಚ್ಚಿ ಸಕ್ಕರೆ ಹಂಚುತ್ತಾರೆ. ಅವರ ತಂದೆಯೂ ಹಂಚುತ್ತಿದ್ದರು. ಮೊದಲ ಗಾಡಿ ಬೇಸರಪಟ್ಟರೆ ವರ್ಷವೇ ಬೇಸರಪಡುತ್ತದೆ ಎಂಬ ನಂಬಿಕೆ. ಈ ವಿಷಯದಲ್ಲಿ ಹಿಂದೂ, ಮುಸ್ಲಿಂ ಎಂಬ ಭೇದವೇ ಇಲ್ಲ.

ಹಮಾಲ ಯಮನಪ್ಪ ಬಾಗಿಲಲ್ಲಿ ಇಣುಕಿದ. "ಸಾಹೇಬ್ರ, ಗಾಡಿ ಬಂತ್ರಿ."

ಸಾಹೇಬರು ಬಾಗಿಲ ಕಡೆ ನೋಡಿದರು, ತೊಡೆಯ ಮೇಲಿನ ಗಿಟಾರನ್ನು ನೋಡಿದರು. ರಫೀಕ ಕೈಯಲ್ಲಿದ್ದ ಡ್ರಮ್ಮಿನ ಕೋಲುಗಳನ್ನು ಆಗಲೇ ಕೆಳಗಿಟ್ಟಿದ್ದ. ಅಪ್ಪ ಏಳುತ್ತಾರೆ, ಗಿಟಾರು ಮತ್ತೆ ಮಂಚದ ಕೆಳಗೆ ಹೋಗುತ್ತದೆ ಎಂದು ಅವನ ಲೆಕ್ಕ. ನನಗೂ ಹಾಗೆಯೇ ಅನ್ನಿಸಿತು.

"ಇಂಜಿನ್ ಬಂದ್ ಮಾಡಾಕ ಹೇಳು" ಎಂದರು ಸಾಹೇಬರು. "ಒಂದ್ ಹಾಡ್ ಆಗೂತನಾ ನಿಂದ್ರಾಕ ಹೇಳು."

ಯಮನಪ್ಪ ತಾನು ಕೇಳಿದ್ದು ನಿಜವೇ ಎಂಬಂತೆ ನನ್ನ ಮುಖ ನೋಡಿದ. ಆಮೇಲೆ ಹೋಗಿ ಹೇಳಿದ. ಇಂಜಿನ್ ನಿಂತಿತು. ಶಿವಪ್ಪ ಇಳಿದು ಬಂದು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ನನ್ನ ಪಕ್ಕ ಹೊಸ್ತಿಲ ಮೇಲೆ ಕೂತ.

ಶುರು ಮಾಡಲು ರಫೀಕ ಯಾವಾಗಲೂ 'ಒನ್, ಟೂ, ಥ್ರೀ, ಫೋರ್' ಅನ್ನುತ್ತಾನೆ. ಅಂದು ಎಣಿಸಿದವರು ಸಾಹೇಬರು. "ಲಾಭ, ಎರಡು, ಮೂರು, ನಾಕು." (ಕಾಳು ಅಳೆಯುವವರು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಬಾಯಿಗೆ ಬಿದ್ದ ರೂಢಿ.)

ಮೊದಲು ಬೇಸು. ಆಮೇಲೆ ಕಾವೇರಿಯ ದನಿ, ಅರ್ಧ ನಿದ್ದೆಯಲ್ಲಿ ಯಾರೋ ಕರೆದ ಹಾಗೆ. ಆಮೇಲೆ ಆ ಜಾರು. ಉಕ್ಕಿನ ತುಂಡು ತಂತಿಯ ಮೇಲೆ ಹೋಯಿತು, ಹೋದದ್ದು ತಗಡಿಗೆ ತಾಗಿ ತಿರುಗಿ ಬಂತು, ಬರುವಷ್ಟರಲ್ಲಿ ಇನ್ನೊಂದು ಹೊರಟಿತ್ತು. ಯಾವುದು ಈಗಿನದು, ಯಾವುದು ಆಗಿನದು, ತಿಳಿಯದಾಯಿತು. ಧೂಳು ಕೂಡ ನಿಧಾನವಾದಂತೆ ಕಂಡಿತು. ಒಂದೆರಡು ಕಡೆ ಸಾಹೇಬರ ಕೈ ತಪ್ಪಿತು. ಅವರು ನಿಲ್ಲಿಸಲಿಲ್ಲ. ರಫೀಕ ಅಪ್ಪನ ಮುಖ ನೋಡುತ್ತಲೇ ಬಾರಿಸಿದ. ಆ ಮುಖ ಅವನು ಹುಟ್ಟುವ ಮೊದಲಿನದು, ಅವನು ಎಲ್ಲಿ ನೋಡಿರಬೇಕು? ನನ್ನ ಕಣ್ಣು ತುಂಬಿತು. ಒರೆಸಿಕೊಳ್ಳಲು ಸೆರಗೆತ್ತುವುದಕ್ಕೂ ಹೆದರಿಕೆ, ಸದ್ದು ನುಂಗೀತು ಎಂದು.

ಮುಗಿದ ಮೇಲೆ ಮೊದಲು ಮಾತಾಡಿದವನು ಶಿವಪ್ಪ. "ಇನ್ನೊಮ್ಮೆ ನುಡಸ್ರಿ ಸಾಹೇಬ್ರ. ನನಗೇನ್ ಅವಸರ ಇಲ್ಲ."

"ಸಾಕು ಬಿಡಪಾ. ಮಾಲ್ ಇಳಸು" ಎಂದು ಸಾಹೇಬರು ಎದ್ದರು. ಗಡಿಬಿಡಿಯಲ್ಲಿ ಊದಿನಕಡ್ಡಿ ಹಚ್ಚಿದರು, ಎಲ್ಲರಿಗೂ ಸಕ್ಕರೆ ಕೊಟ್ಟರು. ಶಿವಪ್ಪನಿಗೆ ಎರಡು ಸಲ ಕೊಟ್ಟರು.

ನಿನ್ನೆ ಆ ಕಡೆ ಹೋಗಿದ್ದೆ. ಗೋದಾಮು ಮಾಡಿನವರೆಗೆ ತುಂಬಿದೆ. ಕೆಮ್ಮಿದೆ, ಕೆಮ್ಮು ಅಲ್ಲೇ ಸತ್ತಿತು. ಮೊದಲ ಗಾಡಿಗೆ ಬೇಸರವೇನೂ ಆದಂತಿಲ್ಲ. ಗಿಟಾರು ಮಂಚದ ಕೆಳಗಿಲ್ಲ, ಕಾಟಾದ ಪಕ್ಕ ಮೊಳೆಗೆ ತೂಗುಬಿದ್ದಿದೆ. ಸಾಹೇಬರು ಚಹಾ ತರಿಸಿದರು. ಚೀಲಗಳ ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿ, ನನಗಷ್ಟೇ ಕೇಳುವಂತೆ ಹೇಳಿದರು. "ಅಕ್ಕಾರ, ಇನ್ನೊಂದ್ ರಾಗ ಐತ್ರಿ ನನ್ ಕಡೆ. ಈ ಮಾಲ್ ಎಂದ್ ಹೋಗತೈತೋ ಏನೋ."

ತುಂಬು ಹಂಗಾಮಿನಲ್ಲಿ ಗೋದಾಮು ಬೇಗ ಖಾಲಿಯಾಗಲಿ ಎಂದು ಹಂಬಲಿಸುವ ಅಡತಿ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?