ಗುಡಿಸದ ಕೋಣೆ

ತನ್ನ ಸ್ಟುಡಿಯೋಗೆ ಫೋಟೋ ತೆಗೆಸಿಕೊಳ್ಳಲು ಬಂದವರಿಗೆಲ್ಲ “ಸ್ವಲ್ಪ ನಗಿ” ಎಂದು ಹೇಳಿ ಹೇಳಿ, ಬೀದಿಯವರ ಬಾಯಲ್ಲಿ ಅವನ ಹೆಸರೇ ನಗಿಸಪ್ಪ ಎಂದಾಗಿತ್ತು. ಅವನ ಮುಖ ಮಾತ್ರ ಯಾವಾಗ ನೋಡಿದರೂ ಹರಳೆಣ್ಣೆ ಕುಡಿದ ಹಾಗೆ. ಮದುವೆಯ ಫೋಟೋದಲ್ಲಿ ಬಿಳಿಯ ಬೆಳಕಿನುಂಡೆ ಕಂಡು “ಅಯ್ಯೋ, ಇದು ತೀರಿಹೋದ ನಮ್ಮಜ್ಜಿ ಅಲ್ವಾ?” ಎಂದು ಯಾರಾದರೂ ಕಣ್ಣರಳಿಸಿದರೆ, “ಅಜ್ಜಿನೂ ಅಲ್ಲ, ಗಿಜ್ಜಿನೂ ಅಲ್ಲ. ಲೆನ್ಸಿನ ಮುಂದೆ ಹಾರೋ ಧೂಳಿಗೆ ಫ್ಲ್ಯಾಷ್ ಬಡಿದ್ರೆ ಹೀಗೇ ಬರೋದು” ಎಂದು ಕಂಪ್ಯೂಟರಿನಲ್ಲಿ ಅದನ್ನು ಒರೆಸಿಹಾಕುತ್ತಿದ್ದ.

ಅಂಥವನಿಗೇ ಹೆಂಡತಿ ಹೋದ ಮೇಲೆ ತಲೆ ಕೆಟ್ಟಿತು ಎಂದರು ಜನ. ಜನಕ್ಕೇನು, ಆಡಿಕೊಳ್ಳಲು ಒಂದು ನೆಪ ಬೇಕು. ಕೆಟ್ಟದ್ದು ತಲೆಯಲ್ಲ, ಒಡೆದದ್ದು ಎದೆ. ಉಬ್ಬಸ ಅವಳನ್ನು ವರ್ಷಗಟ್ಟಲೆ ಹಿಂಡಿ ಹಿಪ್ಪೆ ಮಾಡಿ, ಕೊನೆಗೆ ಮಲಗುವ ಕೋಣೆಯಲ್ಲೇ ಉಸಿರು ನಿಲ್ಲಿಸಿತ್ತು. ಇದ್ದಷ್ಟು ದಿನ ಒದ್ದೆ ಬಟ್ಟೆ ಅವಳ ಕೈ ಬಿಟ್ಟದ್ದಿಲ್ಲ. ಕಿಟಕಿ, ಕಪಾಟು, ಮಂಚದ ಕಾಲು, ಒರೆಸಿದ್ದೇ ಒರೆಸಿದ್ದು.

ಒಂದು ಸಂಜೆ ಹೊಸ ಫ್ಲ್ಯಾಷ್ ಸರಿಯಿದೆಯೇ ನೋಡೋಣವೆಂದು ಅವನು ಆ ಕತ್ತಲ ಕೋಣೆಯಲ್ಲಿ ಒಂದು ಫೋಟೋ ತೆಗೆದ. ಫೋಟೋದಲ್ಲಿ ಅವಳ ದಿಂಬಿನ ಮೇಲೆ ದುಂಡನೆಯ ಬೆಳಕೊಂದು ತೇಲುತ್ತಿತ್ತು. ಒರೆಸಿಹಾಕಲು ಕೈ ಬರಲಿಲ್ಲ.

ಆಮೇಲೆ ಆ ಕೋಣೆಗೆ ಪೊರಕೆ ಬೀಳಲಿಲ್ಲ, ಕಿಟಕಿ ತೆರೆಯಲಿಲ್ಲ. ಹೊತ್ತು ಮುಳುಗುತ್ತಲೇ ಸ್ಟುಡಿಯೋ ಬಾಗಿಲೆಳೆದು ಬಂದು ಕ್ಯಾಮೆರಾ ಹಿಡಿದು ಕೂರುತ್ತಿದ್ದ. ದಿನ ಕಳೆದಂತೆ ಬೆಳಕುಗಳು ಹೆಚ್ಚಾದವು. ಧೂಳು, ಬರೀ ಧೂಳು ಎಂದು ಅವನೊಳಗಿನಿಂದಲೇ ಯಾರೋ ಹೇಳುತ್ತಿದ್ದರು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಅವನು ಆ ಬಾಯಿ ಮುಚ್ಚಿಸುತ್ತಿದ್ದ.

ಸುದ್ದಿ ತಿಳಿದು ಮಗಳು ಬಂದಳು. ತಾಯಿಯ ಮೂಗು, ತಾಯಿಯ ಹಟದ ಜೊತೆಗೆ ತಾಯಿಯ ಉಬ್ಬಸವೂ ಅವಳ ಪಾಲಿಗೆ ಬಂದಿತ್ತು.

“ಇದೇನಪ್ಪಾ ಅವತಾರ? ಸರಿ ಆಚೆ, ನಾನು ಗುಡಿಸ್ತೀನಿ.”

“ಮುಟ್ಟಬೇಡ! ನಿಮ್ಮಮ್ಮ ಬರ್ತಾಳೆ ಇಲ್ಲಿ.”

ಮಗಳಿಗೆ ಸಿಟ್ಟು ನೆತ್ತಿಗೇರಿತು. ತನ್ನ ಕಾಯಿಲೆಯನ್ನೂ ಮರೆತು, ಹಾಸಿಗೆಯ ಮೇಲಿನ ಹೊದಿಕೆಯನ್ನು ಎಳೆದು ಝಾಡಿಸಿದಳು. ತಡೆಯಬೇಕಾದ ಅಪ್ಪ ಕ್ಯಾಮೆರಾ ಎತ್ತಿದ. ಪರದೆಯ ತುಂಬ ಬೆಳಕೋ ಬೆಳಕು. ಮಂಚಕ್ಕೆ ಬೆನ್ನು ಮಾಡಿ ಅದನ್ನೇ ಬಾಗಿ ನೋಡುತ್ತಿರುವಾಗ ಬೆನ್ನ ಹಿಂದೆ ಸುಂಯ್, ಸುಂಯ್ ಎಂದು ಉಸಿರಿನ ಸದ್ದು ಕೇಳಿತು. ಪಕ್ಕದಲ್ಲಿ ಮಲಗಿ ಇಷ್ಟು ವರ್ಷ ಕೇಳಿದ ಅದೇ ಸದ್ದು.

“ಬಂದ್ಯಾ?” ಎಂದ. ಖುಷಿಗೆ ಅವನ ಮುಖ ಅರಳಿತ್ತು.

ತಿರುಗಿ ನೋಡಿದರೆ ಮಗಳು ಮಂಚ ಹಿಡಿದು ಕುಸಿದಿದ್ದಳು. ತುಟಿ ನೀಲಿಗಟ್ಟಿತ್ತು.

ಕ್ಯಾಮೆರಾ ಎಲ್ಲಿ ಬಿತ್ತೋ ಅವನಿಗೆ ತಿಳಿಯಲಿಲ್ಲ. ಅವಳನ್ನು ಹೊರಗಿನ ಮೆಟ್ಟಿಲಿಗೆ ಹೊತ್ತು ತಂದು, ಅವಳ ಚೀಲ ತಡಕಿ, ಉಸಿರಿನ ಔಷಧಿಯ ಪಂಪನ್ನು ಬಾಯಿಗೆ ಒತ್ತಿ ಹಿಡಿದ. ಎಷ್ಟೋ ಹೊತ್ತಿನ ಮೇಲೆ ಅವಳ ಎದೆ ಹದಕ್ಕೆ ಬಂತು.

“ಧೂಳಂದ್ರೆ ಅಮ್ಮನಿಗೆ ಜೀವ ಹೋಗ್ತಿತ್ತು,” ಎಂದಳು ತಡೆದು ತಡೆದು. “ಬರೋದೇ ಆದ್ರೆ ಧೂಳಾಗಿ ಬರ್ತಾಳಾ ಅಪ್ಪಾ?”

ನಗಿಸಪ್ಪ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಎದ್ದು ಹೋಗಿ ಕೋಣೆಯ ಕಿಟಕಿ ತೆರೆದ. ಮೂಲೆಯಲ್ಲಿ ಒಣಗಿ ಸೆಟೆದುಕೊಂಡಿದ್ದ, ಹೆಂಡತಿಯ ಒರೆಸುವ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ಮಂಚದ ಕಾಲಿನಿಂದ ಶುರುಮಾಡಿದ. ಒರೆಸುತ್ತ ಒರೆಸುತ್ತ ನಡುನಡುವೆ ಕೈ ನಿಲ್ಲಿಸಿ, ಹೊರಗೆ ಮಗಳು ಉಸಿರಾಡುವುದನ್ನು ಕಿವಿಗೊಟ್ಟು ಕೇಳುತ್ತಿದ್ದ.