ಐದೇ ನಿಮಿಷದಲ್ಲಿ ಸರಿಯಾದ ರೂಟರ್

“ಇಷ್ಟ್ ಬೇಗ ಆಗೋಯ್ತಾ ಸಾ?” ಎಂದ ಚಿಕ್ಕಣ್ಣನ ಮುಖ ಸಪ್ಪಗಾಯಿತು. ಬೆಳಗೊಳದ ಹತ್ತಿರ ಯಾರದೋ ತೋಟದ ಮನೆ ಕಾಯುವ ಒಂಟಿ ಮನುಷ್ಯ ಆತ. ಅಲ್ಲಿನ ರೂಟರ್ ಒಂದೇ ತಿಂಗಳಲ್ಲಿ ಮೂರನೇ ಸಲ ರೀಸೆಟ್ ಆಗಿ, ಸೆಟ್ಟಿಂಗ್ಸೆಲ್ಲ ಅಳಿಸಿಹೋಗಿತ್ತು. ಇಂಟರ್ನೆಟ್ ರಿಪೇರಿಯವನಾದ ನಾನು ಮೊದಲೆರಡು ಸಲ ಎಲ್ಲವನ್ನೂ ಹೊಸದಾಗಿ ತುಂಬುತ್ತಾ ಮಧ್ಯಾಹ್ನದವರೆಗೆ ಕೂತಿದ್ದೆ. ಹೋದ ಸಲ ಜಾಣತನ ಮಾಡಿ ಸೆಟ್ಟಿಂಗ್ಸನ್ನೆಲ್ಲ ಲ್ಯಾಪ್‌ಟಾಪಿಗೆ ಬ್ಯಾಕಪ್ ತೆಗೆದುಕೊಂಡಿದ್ದೆ. ಈಗ ಆ ಫೈಲನ್ನೇ ವಾಪಸ್ ಹಾಕಿದೆ, ಐದು ನಿಮಿಷಕ್ಕೆ ಎಲ್ಲ ಮೊದಲಿನಂತಾಯಿತು.

“ಈ ಫೈಲ್ನ ನಿನ್ ಫೋನಿಗೇ ಹಾಕ್ಬುಡ್ತೀನಿ ಕಣಣ್ಣ. ಇನ್ಮೇಲೆ ನೀನೇ ಮಾಡ್ಕೊಬೋದು, ನಾನು ಬರೋದೇ ಬ್ಯಾಡ,” ಎಂದೆ ಹೆಮ್ಮೆಯಿಂದ.

ಆತ ಒಲೆಯ ಕಡೆ ನೋಡಿದ. ಇಬ್ಬರಿಗಾಗುವಷ್ಟು ಮುದ್ದೆಗೆ ನೀರಿಟ್ಟಿದ್ದ.

“ಬ್ಯಾಡಿ ಸಾ. ಆ ರೀಸೆಟ್ ತೂತಿಗೆ ಪಿನ್ನು ಚುಚ್ಚಿ ಕೆಡಿಸ್ತಿದ್ದೋನು ನಾನೇ. ಕೆಟ್ರೆ ತಾನೆ ನೀವ್ ಬರೋದು? ಮಾತಾಡಕ್ಕೆ ಇಲ್ಲಿ ಇನ್ಯಾರವ್ರೆ?”

ಅಂದು ಉಂಡೇ ಹೊರಟೆ. ಬ್ಯಾಕಪ್ ಇಟ್ಟುಕೊಳ್ಳಿ ಎಂದು ಗಿರಾಕಿಗಳಿಗೆಲ್ಲ ಈಗಲೂ ಹೇಳುತ್ತೇನೆ, ನೀವೂ ಇಟ್ಟುಕೊಳ್ಳಿ. ಆದರೆ ನಿಜ ಹೇಳಿಬಿಟ್ಟ ನಾಚಿಕೆಗೋ ಏನೋ, ಆ ತೋಟದಿಂದ ಮತ್ತೆ ಫೋನು ಬಂದಿಲ್ಲ. ರೂಟರ್ ಚೆನ್ನಾಗಿಯೇ ಇರಬೇಕು. ಅದೇ ನನ್ನನ್ನು ಕೊರೆಯುತ್ತಿದೆ.